ಮೋಟು ಮೈಲಿ ಮೇಷ್ಟ್ರು

ಆಗುವುದಿಲ್ಲ ಎಂದವರು ಚಿಂತಾಮಣಿಯ ರೈಸ್ ಮಿಲ್ಲಿನ ಯಜಮಾನರು. ಶಿಡ್ಲಘಟ್ಟದಲ್ಲಿ ನಾನು ಓದಿದ ಹೈಸ್ಕೂಲಿನ ಕಮಿಟಿಗೆ ಅವರೇ ಅಧ್ಯಕ್ಷರು.

"ಈ ಜಪಾನ್ ಕಾರು ಗಂಟೆಗೆ ನೂರು ಮೈಲಿ ಓಡೋದೂ ಅಷ್ಟೆ, ರಸ್ತೆ ಕೂಲಿ ಮಗ ಬಿ.ಎಸ್ಸಿ. ಮಾಡೋದೂ ಅಷ್ಟೆ. ಎರಡೂ ಕಾಗದದ ಮೇಲೆ ಚೆನ್ನಾಗಿರ್ತವೆ" ಎಂದು ಹತ್ತು ಜನ ಕೂತಿದ್ದ ಕಡೆ ಹೇಳಿದರು.

ಆ ರಸ್ತೆ ಕೂಲಿಯ ಮಗ ನಾನು. ನಾನು ಬಿ.ಎಸ್ಸಿ. ಮಾಡಿದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವನೇ ನಾನು ಮೊದಲು. ಇದನ್ನು ಬರೆಯುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಕಾರು ನೂರು ಮೈಲಿ ಓಡಿತೇ ಎಂಬುದು ಬೇರೆ ಮಾತು. ಅದನ್ನು ಅಳೆದವರು ನಮ್ಮ ಸೈನ್ಸ್ ಮೇಷ್ಟ್ರು.

ಹೋದ ತಿಂಗಳು ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಸಹಪಾಠಿಯೊಬ್ಬ ಸಿಕ್ಕಿದ. "ಗೊತ್ತಾಯ್ತೇನೋ, ಮೋಟು ಮೈಲಿ ಮೇಷ್ಟ್ರು ಹೋಗ್ಬಿಟ್ರಂತೆ" ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರಿಗೆ ತಂದೆ ತಾಯಿ ಇಟ್ಟ ಹೆಸರು ಬೇರೆ ಇತ್ತು, ಒಳ್ಳೆಯ ಹೆಸರು. ಆದರೆ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಈ ಹೆಸರೇ ನಿಂತುಹೋಯಿತು, ಸಾವಿನ ಸುದ್ದಿಯಲ್ಲೂ ಇದೇ ಬಂತು. ಈ ಹೆಸರಿಗೆ ಬೀಜ ಹಾಕಿದವನು ನಾನು. ಬಸ್ಸು ಹೊರಟಿತು. ನಾನು ಹತ್ತಲಿಲ್ಲ.

ಅವರು ಎತ್ತರದ ಆಳು, ತೆಳುಮೈ. ವಾರವೆಲ್ಲ ಪಂಚೆ, ಅದರ ಮೇಲೊಂದು ಕರಿ ಕೋಟು. ಶನಿವಾರ ಮಾತ್ರ ಖಾಕಿ ಚಡ್ಡಿ, ಯಾಕೆಂದರೆ ಸ್ಕೂಲಿಗೆ ಬೇರೆ ಡ್ರಿಲ್ ಮೇಷ್ಟ್ರಿರಲಿಲ್ಲ, ಆ ಕೆಲಸವೂ ಅವರದೇ. ಕೋಟಿನ ಎಡ ಜೇಬಿನಲ್ಲಿ ನಶ್ಯದ ಡಬ್ಬಿ, ಬಲ ಜೇಬಿನಲ್ಲಿ ದರ್ಜಿಯ ಟೇಪು. ಸ್ಕೂಲಿನ ಸ್ಟಾಪ್ ವಾಚನ್ನು ಹತ್ತಿಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಬೀರುವಿಗೆ ಬೀಗ ಹಾಕುತ್ತಿದ್ದರು. ಹೆಡ್ ಮಾಸ್ಟರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

"ನಾನು ಬಿ.ಎಸ್ಸಿ.ವರೆಗೂ ಹೋಗಿ ವಾಪಸ್ ಬಂದೋನು" ಎಂದು ಅವರೇ ಕ್ಲಾಸಿನಲ್ಲಿ ಹೇಳುತ್ತಿದ್ದರು. ಕೊನೆಯ ಪರೀಕ್ಷೆಯಲ್ಲಿ ಫೇಲಾಗಿದ್ದರು. ಎರಡನೆಯ ಸಲ ಕಟ್ಟಲು ಮನೆಯಲ್ಲಿ ಅನುಕೂಲವಿರಲಿಲ್ಲ. ಸ್ಟಾಫ್ ರೂಮಿನ ಪಟ್ಟಿಯಲ್ಲಿ ಮಿಕ್ಕವರ ಹೆಸರಿನ ಮುಂದೆ ಬಿ.ಎ. ಇರುತ್ತಿತ್ತು, ಇವರದರ ಮುಂದೆ ಬರೀ ಚುಕ್ಕೆ.

ಅವರಿಗೊಂದು ಚಾಳಿ. ಯಾರು ಯಾವ ಅಂಕಿ ಹೇಳಲಿ, "ಯಾರು ಅಳೆದ್ರು? ಯಾವುದ್ರಲ್ಲಿ ಅಳೆದ್ರು?" ಎಂದು ಕೇಳಿಯೇ ಕೇಳುವರು. ನಮ್ಮ ಬಾವಿ ಅರವತ್ತಡಿ ಎಂದರೆ ಕೇಳುವರು. ಬಸ್ಸು ಒಂದೂವರೆ ಗಂಟೆಗೆ ಬೆಂಗಳೂರು ಮುಟ್ಟುತ್ತೆ ಎಂದು ಏಜೆಂಟ್ ಕೂಗಿದರೆ ಅವನನ್ನೂ ಕೇಳುವರು. ಬೇಸರ ಬರುವಷ್ಟು ಕೇಳುವರು. ಹೋಟೆಲಿನಲ್ಲಿ ಅವರು ಬಂದು ಕೂತರೆ ಪಕ್ಕದ ಟೇಬಲಿನವರು ದನಿ ತಗ್ಗಿಸುತ್ತಿದ್ದರು.

ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. ಹುಡುಗನ ಸೋದರಮಾವ ಮಾತಿಗೆ ಮಾತು ಬಂದು, "ನಮ್ಮ ಹುಡುಗ ಐದಡಿ ಎಂಟಂಗುಲ" ಎಂದ. ಇವರ ಕೈ ಜೇಬಿಗೆ ಹೋಯಿತು. "ಒಂದ್ನಿಮಿಷ ಎದ್ದು ನಿಲ್ಲಪ್ಪ" ಎಂದು ಹುಡುಗನನ್ನು ಕಂಬಕ್ಕೆ ನಿಲ್ಲಿಸಿ ಟೇಪು ಹಿಡಿದರು. ಐದೂವರೆ ಬಂತು. "ಎತ್ತರ ಕಮ್ಮಿ ಆದ್ರೆ ಏನಂತೆ, ಹುಡುಗ ಚಿನ್ನದಂಥೋನು. ಐದೂವರೆ ಅಂತಲೇ ಹೇಳ್ಬೋದಿತ್ತಲ್ಲ" ಎಂದರು, ನಿಜವಾಗಿ ಅಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಬಂದವರು ಉಪ್ಪಿಟ್ಟು ಮುಟ್ಟದೆ ಎದ್ದುಹೋದರು. "ನಿಮ್ಮ ಟೇಪಿಗೇ ಮಗಳನ್ನ ಕಟ್ಟಿ" ಎಂದು ಮೇಷ್ಟ್ರ ಹೆಂಡತಿ ಎಷ್ಟೋ ದಿನ ಮಾತು ಬಿಟ್ಟಿದ್ದರು. ಇದನ್ನು ಅವರೇ ನಗುತ್ತ ನಮಗೆ ಹೇಳಿದರು. ನಗು ಪೂರ್ತಿ ಬರಲಿಲ್ಲ.

ಆದರೆ ಇನ್ನೊಂದನ್ನೂ ಹೇಳಬೇಕು. ನಮ್ಮ ಕ್ಲಾಸಿನಲ್ಲಿ ಕಳವಾರದ ಹುಡುಗನೊಬ್ಬನಿದ್ದ, ಶಿಡ್ಲಘಟ್ಟದಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ. ತಮ್ಮೂರ ಬೆಟ್ಟವನ್ನು ಅರ್ಧ ಗಂಟೆಯಲ್ಲಿ ಹತ್ತುತ್ತೇನೆಂದು ಜಂಬ ಕೊಚ್ಚುವವನು. ಮೇಷ್ಟ್ರು ಒಂದು ಭಾನುವಾರ ಬಸ್ಸು ಹತ್ತಿ ಅಲ್ಲಿಗೇ ಹೋಗಿ ಅವನ ಹಿಂದೆ ತಾವೂ ಬೆಟ್ಟ ಹತ್ತಿದರು. ಸೋಮವಾರ ನಾವೆಲ್ಲ ಅವನ ಮಾನ ಹೋಗುವುದನ್ನು ನೋಡಲು ಕಾದು ಕೂತಿದ್ದೆವು. ಮೇಷ್ಟ್ರು ಹೇಳಿದ್ದು ಇಷ್ಟೇ: "ಒಂದು ಗಂಟೆ ಹತ್ತು ನಿಮಿಷ. ಇವನು ಸುಳ್ಳ ಅಲ್ಲ ಕಣ್ರೋ. ಇವನ ಹತ್ರ ಗಡಿಯಾರ ಇರ್ಲಿಲ್ಲ, ಅಷ್ಟೆ." ಅಂಕಿಯನ್ನು ತಿದ್ದಿದರು, ಹುಡುಗನನ್ನು ಉಳಿಸಿದರು. ನಾನು ಆ ಪಾಠವನ್ನು ಕೇಳಿದೆ, ಕಲಿಯಲಿಲ್ಲ.

ಇನ್ನು ಕಾರಿನ ವಿಷಯ.

ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ತೆಗೆಯುವ ಫಿಲೇಚರುಗಳಿದ್ದವು. ಅದರಲ್ಲೊಂದರ ಸಾಹುಕಾರರಿಗೆ ಮೋಟಾರಿನ ಹುಚ್ಚು. ರೇಷ್ಮೆ ಮೆಷೀನು ಕೂಡಿಸಲು ಬೆಂಗಳೂರಿಗೆ ಬಂದಿದ್ದ ಜಪಾನಿನ ಇಂಜಿನಿಯರೊಬ್ಬರು ತಮ್ಮ ದೇಶಕ್ಕೆ ಹಿಂತಿರುಗುವಾಗ ತಮ್ಮ ಕಾರನ್ನು ಇವರಿಗೆ ಮಾರಿಹೋದರು. ಬಿಳೀ ಕಾರು, ಎರಡೇ ಬಾಗಿಲು, ಮೂತಿ ಉದ್ದ, ಹಿಂದುಗಡೆ ಇಳಿಜಾರು. ನೆಲಕ್ಕೆ ಅಂಟಿಕೊಂಡ ಹಾಗಿತ್ತು. ಒಳಗೆ ಮುಂದೆ ಇಬ್ಬರು ಕೂರಬಹುದು, ಹಿಂದಿನ ಸೀಟು ಮಕ್ಕಳಿಗೂ ಇಕ್ಕಟ್ಟು. ಗೂಡು ಬೇಯಿಸುವ ಒಲೆಗಳ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ಹುಳುವಿನ ನಾತ ಅದರ ಸೀಟಿಗೂ ಹಿಡಿದಿತ್ತು.

ಕಾರಿನ ಜೊತೆ ಒಂದು ನುಣುಪು ಕಾಗದದ ಪುಸ್ತಿಕೆ ಬಂದಿತ್ತು. ಜಪಾನಿ ಅಕ್ಷರ, ಕೊನೆಯ ಒಂದು ಪುಟ ಮಾತ್ರ ಇಂಗ್ಲಿಷು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು, ನಿಂತಲ್ಲಿಂದ ನಾನೂರು ಮೀಟರ್ ದಾಟಲು ಎಷ್ಟು, ಕೊನೆಗೆ ಅತಿ ಹೆಚ್ಚಿನ ವೇಗ ನೂರ ಅರವತ್ತೆರಡು ಕಿಲೋಮೀಟರು. ಮೈಲಿಗೆ ಇಳಿಸಿದರೆ ನೂರಕ್ಕೆ ಒಂದು ಎಳೆ ಜಾಸ್ತಿ. ಸಾಹುಕಾರರು ಆ ಪುಟವನ್ನು ಬಂದವರಿಗೆಲ್ಲ ತೋರಿಸುವರು.

ನಾನು ಎಸ್.ಎಸ್.ಎಲ್.ಸಿ. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ. ಮುಂದೆ ಓದಿಸುವುದು ಅಪ್ಪನ ಕೈಲಿ ಆಗುವ ಮಾತಲ್ಲ. ಅವನು ರಸ್ತೆ ಗ್ಯಾಂಗಿನಲ್ಲಿ ಕೂಲಿ, ಅವ್ವ ಅಲ್ಲೇ ಜಲ್ಲಿ ಹೊರುವವಳು. ಮೇಷ್ಟ್ರು ನನ್ನನ್ನು ಕರೆದುಕೊಂಡು ಕಮಿಟಿ ಅಧ್ಯಕ್ಷರನ್ನು ನೋಡಲು ಹೊರಟರು. ಅಧ್ಯಕ್ಷರು ಆ ದಿನ ಸಾಹುಕಾರರ ಫಿಲೇಚರಿನ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಕಾರನ್ನು ನೋಡುತ್ತಿದ್ದರು. ಭಾರೀ ಶರೀರ. ತೆಲುಗು ಬೆರೆತ ಕನ್ನಡ.

ಮೇಷ್ಟ್ರು ನನ್ನ ವಿಷಯ ಹೇಳಿದರು. ಪಿ.ಯು.ಸಿ. ಒಂದು ವರ್ಷ, ಬಿ.ಎಸ್ಸಿ. ಮೂರು, ಹಾಸ್ಟೆಲು ಸೇರಿ ನಾಲ್ಕು ವರ್ಷದ ಖರ್ಚು ವಹಿಸಿಕೊಳ್ಳಬೇಕು ಎಂದರು. ಆಗಲೇ ಯಜಮಾನರು ಆ ಮಾತು ಹೇಳಿದ್ದು, ಕಾರನ್ನೂ ನನ್ನನ್ನೂ ಒಂದೇ ತಕ್ಕಡಿಗೆ ಹಾಕಿ.

ಸಾಹುಕಾರರಿಗೆ ಕಾರಿನ ಮಾತು ತಾಕಿತು. "ಅರೇ, ಇದು ಕಂಪನಿಯವ್ರು ಛಾಪಿಸಿದ್ದು ಯಜಮಾನ್ರೇ. ಸುಳ್ಳು ಛಾಪಿಸ್ತಾರಾ?"

"ಯಾರು ಅಳೆದ್ರು?" ಎಂದರು ಮೇಷ್ಟ್ರು, ಅಭ್ಯಾಸಬಲ. ಪುಟ ನೋಡಿ, "ಇದು ಗಂಡಿನ ಕಡೆಯೋರು ಹೇಳೋ ಎತ್ತರ ಇದ್ದ ಹಾಗೆ. ಸುಳ್ಳು ಇರ್ಲೇಬೇಕು ಅಂತಿಲ್ಲ. ನೋಡ್ಬೇಕು" ಎಂದರು.

"ಕಾರಲ್ಲೇ ವೇಗದ ಮುಳ್ಳು ಇದೆಯಲ್ಲ, ತೋರಿಸುತ್ತೆ" ಎಂದರು ಸಾಹುಕಾರರು.

"ಮುಳ್ಳು ಕಾರಿನ ಮನೆಯೋನು. ಕಾರಿನ ಪರವಾಗೇ ಮಾತಾಡ್ತಾನೆ."

ಯಜಮಾನರು ಬಿದ್ದು ಬಿದ್ದು ನಕ್ಕರು. ಕಾಫಿ ಲೋಟ ಕೆಳಗಿಟ್ಟು, "ಏಮಯ್ಯಾ ಮೇಷ್ಟ್ರೇ, ನೀನೇ ಅಳಿ. ನಿನ್ನ ವಾಚಿನ ಮೇಲೆ ನಂಗೆ ನಂಬಿಕೆ ಇದೆ. ಇದು ನೂರು ಮೈಲಿ ಓಡಿದ್ರೆ ನಿನ್ನ ಹುಡುಗನ ನಾಲ್ಕು ವರ್ಷ ನಂದು. ಓಡದಿದ್ರೆ ಅವನು ಅಪ್ಪನ ಜೊತೆ ರಸ್ತೆ ಗುಡಿಸ್ಲಿ" ಎಂದರು.

ಜನ ಚಪ್ಪಾಳೆ ತಟ್ಟಿದರು. ಆ ಕಾರಿನ ನಾಲ್ಕು ಚಕ್ರಕ್ಕೂ ನನ್ನ ಹಣೆಬರಹಕ್ಕೂ ಗಂಟು ಬಿತ್ತು.

ಅದರ ಮರುದಿನವೋ ಅದರಾಚೆಯ ದಿನವೋ ಸಂಜೆ ಮೇಷ್ಟ್ರು ನಮ್ಮ ಗುಡಿಸಲಿಗೆ ಬಂದರು. ಅದೇ ಮೊದಲು ಅವರು ಬಂದದ್ದು. ಅವ್ವ ಚಾಪೆ ಹಾಸಿದಳು. ಅಪ್ಪ, "ಬೆಲ್ಲ ತತ್ತಾ ಓಗು" ಎಂದು ನನ್ನನ್ನು ಅಂಗಡಿಗೆ ಅಟ್ಟಿದ. ನಾನು ಬೆಲ್ಲ ತರುವ ಹೊತ್ತಿಗೆ ಅವರ ಮಾತು ಮುಗಿದಿತ್ತು. ಮೇಷ್ಟ್ರು ಬೆಲ್ಲ ನೀರು ಕುಡಿದು ಹೊರಟುಹೋದರು.

ಅಳೆಯುವ ಜಾಗ ಗೊತ್ತಾಯಿತು: ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಆರನೇ ಮೈಲಿಕಲ್ಲಿನಿಂದ ಏಳನೇ ಮೈಲಿಕಲ್ಲು. ಅಲ್ಲಿ ಮೊದಲು ರಸ್ತೆ ಕೆರೆ ಏರಿಯ ಮೇಲೆ ಬಾಗಿ ಹೋಗುತ್ತಿತ್ತು. ಸ್ವಲ್ಪ ದಿನದ ಹಿಂದೆ ಕಂಟ್ರಾಕ್ಟರು ಬಂದು ಆ ಬಾಗನ್ನು ಬಿಟ್ಟು ಕೆಳಗೆ ನೇರವಾಗಿ ಹೊಸ ರಸ್ತೆ ಮಾಡಿ ಟಾರು ಹಾಕಿದ್ದ. ಇಡೀ ತಾಲ್ಲೂಕಿನಲ್ಲಿ ಅಂಥ ನುಣುಪು, ಅಂಥ ನೇರ ಬೇರೆಲ್ಲೂ ಇರಲಿಲ್ಲ. ಯಜಮಾನರೂ ನೋಡಿ ಒಪ್ಪಿದರು.

ಮೇಷ್ಟ್ರು ನಿಯಮ ಹೇಳಿದರು. ಗಂಟೆಗೆ ನೂರು ಮೈಲಿ ಎಂದರೆ ಒಂದು ಮೈಲಿಗೆ ಮೂವತ್ತಾರು ಸೆಕೆಂಡು. ಮೂವತ್ತಾರರ ಒಳಗೆ ಬಂದರೆ ಕಾರು ಗೆದ್ದಿತು. ಮೊದಲಿನ ಕಲ್ಲಿಗೆ ದೂರದಿಂದಲೇ ವೇಗ ತೆಗೆದುಕೊಂಡು ಬರಬೇಕು. ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. ಎರಡನ್ನೂ ಕೂಡಿಸಿ ಅರ್ಧ ಮಾಡಬೇಕು. "ಗಾಳಿ ಯಾರ ಪಾರ್ಟಿ ಅಂತ ನಂಗೆ ಗೊತ್ತಿಲ್ಲ" ಎಂದರು.

ಆ ದಿನ ರಸ್ತೆಯ ಎರಡೂ ಕಡೆ ಜನ. ಆಗ ಹುರುಳಿ ಒಕ್ಕಣೆ ಉಳಿಸಿಕೊಂಡವರೂ ಕೆಲವರಿದ್ದರು. ಬಸ್ಸು ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ಬಳ್ಳಿಯನ್ನು ಟಾರಿನ ಮೇಲೆ ಹಾಸುವುದು ನಮ್ಮ ಕಡೆ ರೂಢಿ. ಒಬ್ಬ ಅಜ್ಜಿ ತನ್ನ ಹುರುಳಿಯನ್ನು ತೆಗೆಯಲು ಒಪ್ಪಲಿಲ್ಲ. "ಅಂಗೆ ಓಡೋ ಕಾರಾದ್ರೆ ನನ್ ಉಳ್ಳಿ ಮೇಲೇ ಓಡ್ಲಿ, ಒಂದೇ ಏಟ್ಗೆ ಒಕ್ಕಣೆ ಆಯ್ತದೆ" ಎಂದಳು. ಅಪ್ಪ ಕೈಮುಗಿದು, ತಾನೇ ಬಳ್ಳಿ ಬಳಿದು ಪಕ್ಕಕ್ಕೆ ಹಾಕಿ, ರಸ್ತೆ ಗುಡಿಸಿದ.

ಸಾಹುಕಾರರು ತಾವೇ ಓಡಿಸಲು ಕೂತರು. ಪಕ್ಕದಲ್ಲಿ ವಾಚು ಹಿಡಿದು ಮೇಷ್ಟ್ರು. ಯಜಮಾನರು ಹಿಂದಿನ ಸೀಟಿಗೆ ತಲೆ ತೂರಿಸಿ, "ಸಾಕ್ಷಿಗೆ ನಾನೂ ಬರ್ತೀನಿ" ಎಂದರು.

"ನೀವು ಕೂತ್ರೆ ಸಾಕ್ಷಿ ಅಲ್ಲ ಯಜಮಾನ್ರೇ, ಬ್ರೇಕು" ಎಂದರು ಮೇಷ್ಟ್ರು. ಯಜಮಾನರು ತಾವೇ ಮೊದಲು ನಕ್ಕು ತಲೆ ಈಚೆಗೆ ತೆಗೆದರು.

ಕಾರು ಬಂದದ್ದು ಕಾಣಿಸಿತು, ಹೋದದ್ದು ಕಾಣಿಸಲಿಲ್ಲ. ಹುಣಸೆ ಮರದ ತರಗು ಎದ್ದು ಮತ್ತೆ ಕೂತಿತು. ಇನ್ನೊಂದು ಸಲ ಎದುರಿನಿಂದ ಬಂತು. ನಿಂತಾಗ ಮೇಷ್ಟ್ರು ಇಳಿದರು. ಹೋಗುತ್ತ ಮೂವತ್ತೈದು ಸೆಕೆಂಡಿನ ಮೇಲೆ ಐದರಲ್ಲಿ ಎರಡು ಭಾಗ. ಬರುತ್ತ ಮೂವತ್ತಾರರ ಮೇಲೆ ಒಂದು ಭಾಗ. ಸರಾಸರಿ ಮೂವತ್ತಾರಕ್ಕೆ ಕೂದಲೆಳೆ ಕಡಿಮೆ. ಕಾರು ಗೆದ್ದಿತು. ಅವ್ವ ಅಳುತ್ತಿದ್ದಳು. ಮೇಷ್ಟ್ರು ವಾಚನ್ನು ಡಬ್ಬಿಗೆ ಹಾಕಲು ಹೋಗಿ ಎರಡು ಸಲ ಹತ್ತಿ ಬೀಳಿಸಿದರು. ವೇಗಕ್ಕೆ ಹೆದರಿದ್ದಾರೆ ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

"ಬರ್ದುಕೊಡಿ ಮೇಷ್ಟ್ರೇ, ನೂರು ಮೈಲಿ ಅಂತ" ಎಂದು ಸಾಹುಕಾರರು ಕಾಗದ ಹಿಡಿದರು.

ಮೇಷ್ಟ್ರು ಬರೆದದ್ದು: ಆರನೇ ಕಲ್ಲಿನಿಂದ ಏಳನೇ ಕಲ್ಲಿಗೆ ಕಾರು ಇಷ್ಟು ಸೆಕೆಂಡಿನಲ್ಲಿ ಹೋಯಿತು, ಏಳರಿಂದ ಆರಕ್ಕೆ ಇಷ್ಟು ಸೆಕೆಂಡಿನಲ್ಲಿ ಬಂತು. ಕೆಳಗೆ ಸಹಿ.

"ನೂರು ಮೈಲಿ ಅಂತ ಎಲ್ಲಿದೆ?"

"ನಾನು ಕಂಡಿದ್ದು ಇಷ್ಟು. ಮಿಕ್ಕಿದ ಲೆಕ್ಕ ನೀವೇ ಹಾಕ್ಕೊಳಿ" ಎಂದು ಪೆನ್ನು ಮುಚ್ಚಿದರು. ಎಷ್ಟು ಕಟ್ಟುನಿಟ್ಟು ನೋಡಿ ಎಂದು ಜನ ತಲೆದೂಗಿದರು.

ಯಜಮಾನರು ಮಾತಿಗೆ ತಪ್ಪಲಿಲ್ಲ. ನಾಲ್ಕು ವರ್ಷವೂ ಅವರ ಗುಮಾಸ್ತ ಬಂದು, "ತಗೊಳ್ಳಪ್ಪ, ಕಾರಿಗೆ ಪೆಟ್ರೋಲು ಹಾಕ್ಸಕ್ಕೆ ಹೇಳಿದಾರೆ" ಎಂದು ಕೊಟ್ಟು ಹೋಗುತ್ತಿದ್ದ. ಬೆಂಗಳೂರಿನ ಹಾಸ್ಟೆಲಿನಲ್ಲಿ ನಾನು ಕಲಿತದ್ದು ಬರೀ ಭೌತಶಾಸ್ತ್ರವಲ್ಲ. ಚಮಚದಲ್ಲಿ ತಿನ್ನುವುದು, ಬೂಟು ಕಟ್ಟುವುದು, ಅಪ್ಪ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸದೆ ಹೇಳುವುದು. ಕೊನೆಯದನ್ನು ಕಲಿಯಲು ಹೆಚ್ಚು ದಿನ ಹಿಡಿಯಿತು. ಅದನ್ನು ಕಲಿಯುವಾಗ ಸ್ವಲ್ಪ ಜಾಸ್ತಿಯೇ ಕಲಿತುಬಿಟ್ಟೆ. ತಲೆ ತಗ್ಗಿಸಬಾರದು ಎಂದುಕೊಂಡವನು ಇನ್ನೊಬ್ಬರ ತಲೆ ತಗ್ಗಿಸುವ ತನಕ ಹೋದೆ.

ರಜೆಗೆ ಬಂದಾಗ ಮೇಷ್ಟ್ರನ್ನು ಕಾಣುತ್ತಿದ್ದೆ. ಯಾರಾದರೂ ಕಾರಿನ ಮಾತು ತೆಗೆದರೆ ಅವರು ನಶ್ಯ ಮುಗಿಯಿತೆಂದು ಎದ್ದು ಹೋಗುತ್ತಿದ್ದರು. ಎಷ್ಟು ವಿನಯ ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ರಸ್ತೆಗಳಲ್ಲಿ ಮೈಲಿಕಲ್ಲು ಹೋಗಿ ಕಿಲೋಮೀಟರ್ ಕಲ್ಲು ಬರುತ್ತಿದ್ದವು. ಕೊನೆಯ ಪರೀಕ್ಷೆ ಬರೆದು ಊರಿಗೆ ಬಂದ ಬೇಸಿಗೆಯಲ್ಲಿ ಅಪ್ಪನ ಗ್ಯಾಂಗಿಗೆ ಅದೇ ಕೆಲಸ. ನಾನೂ ಹೋಗಿ ಟೇಪು ಹಿಡಿದೆ. ಆರನೇ ಮೈಲಿಕಲ್ಲಿನಿಂದ ಏಳರವರೆಗೆ ಅಳೆಯುವಾಗ ಮೈಲಿ ತುಂಬಲಿಲ್ಲ. ನೂರು ಗಜದಷ್ಟು ಕಡಿಮೆ ಬಂತು. ಆಮೇಲೆ ಹೊಳೆಯಿತು. ಕೆರೆ ಏರಿಯ ಬಾಗು ಹೋಗಿ ರಸ್ತೆ ಚಿಕ್ಕದಾಗಿತ್ತು, ಕಲ್ಲುಗಳನ್ನು ಮಾತ್ರ ಕಂಟ್ರಾಕ್ಟರು ಕಿತ್ತು ನೆಟ್ಟಿರಲಿಲ್ಲ. ರಸ್ತೆ ನೇರವಾದದ್ದು ಇಡೀ ಊರಿಗೆ ಗೊತ್ತು. ಕಲ್ಲು ಇದ್ದಲ್ಲೇ ಇದೆ ಎಂಬುದು ಯಾರ ತಲೆಗೂ ಹೋಗಿರಲಿಲ್ಲ. ಅಲ್ಲೇ ಮರದ ಕೆಳಗೆ ಕೂತು ಲೆಕ್ಕ ಹಾಕಿದೆ. ಕಾರು ಓಡಿದ್ದು ಗಂಟೆಗೆ ತೊಂಬತ್ತೈದು ಮೈಲಿಗೂ ಒಂದು ಚೂರು ಕಡಿಮೆ. ಅಪ್ಪನಿಗೆ ಹೇಳಿದೆ. ಅವನು, "ಓಗ್ಲಿ ಬುಡು" ಎಂದು ಗುದ್ದಲಿ ಎತ್ತಿಕೊಂಡ.

ನಾನು ಬಿಡಲಿಲ್ಲ. ಫಲಿತಾಂಶ ಬಂದ ವಾರ, ಪಾಸಾದ ಖುಷಿಗೆ ಪೇಡ ಹಿಡಿದು ಸ್ಕೂಲಿನ ಸ್ಟಾಫ್ ರೂಮಿಗೆ ಹೋದೆ. ಮೇಷ್ಟ್ರು ಎದ್ದು ಬಂದು ತಮ್ಮ ಕುರ್ಚಿಯಲ್ಲೇ ನನ್ನನ್ನು ಕೂರಿಸಿದರು. ತಾವು ಬೀರುವಿಗೆ ಒರಗಿ ನಿಂತರು. ಹೆಡ್ ಮಾಸ್ಟರು, "ನಮ್ಮ ಮೇಷ್ಟ್ರು ಅವತ್ತು ಜಪಾನನ್ನ ಅಳೆದ್ರು, ನೀನು ಇವತ್ತು ಬಿ.ಎಸ್ಸಿ. ಆದೆ" ಎಂದರು.

ಪೇಡದ ಪೊಟ್ಟಣ ಇನ್ನೂ ನನ್ನ ಕೈಯಲ್ಲೇ ಇತ್ತು.

"ಸಾರ್, ಕಾರನ್ನ ಅಳೆದ್ರಿ. ಕಲ್ಲನ್ನ ಯಾರು ಅಳೆದ್ರು? ಯಾವುದ್ರಲ್ಲಿ ಅಳೆದ್ರು?" ಎಂದೆ.

ಅವರದೇ ಮಾತು, ಅವರದೇ ಧಾಟಿ. ಬೇಕೆಂದೇ ಹಾಗೆ ಹೇಳಿದೆ. ಬೋರ್ಡಿನ ಮೇಲೆ ಚಾಕಿನಲ್ಲಿ ಲೆಕ್ಕ ಬರೆದು ತೋರಿಸಿದೆ. ಕನ್ನಡ ಪಂಡಿತರು, "ಅಂದ್ರೆ ನಮ್ಮ ಮೇಷ್ಟ್ರು ಅಳೆದದ್ದು ಮೋಟು ಮೈಲಿ ಅನ್ನು" ಎಂದು ಹೊಟ್ಟೆ ಕುಲುಕಿಸಿದರು. ಎಲ್ಲರೂ ನಕ್ಕರು. ಇಷ್ಟು ವರ್ಷ ಅವರ ಪ್ರಶ್ನೆ ಕೇಳಿ ಕೇಳಿ ಬೇಸತ್ತಿದ್ದವರು ಬಾಕಿ ತೀರಿಸಿಕೊಂಡರು.

ಮೇಷ್ಟ್ರು ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದರು. "ಹೌದಪ್ಪ. ತಪ್ಪಾಯ್ತು" ಎಂದರು. ಬೋರ್ಡನ್ನು ಒಂದು ಗಳಿಗೆ ನೋಡಿ, "ನೂರಲ್ಲ, ನೂರೆರಡು ಇರ್ಬೇಕು ನೋಡು. ಟೇಪು ಬಿಗಿಯಾಗಿ ಹಿಡೀಬೇಕು" ಎಂದರು. ಸೋತ ಮೇಲೂ ಕೊನೆಯ ಮಾತು ಇವರದೇ ಆಗಬೇಕು ಎಂದುಕೊಂಡೆ. ಪೇಡ ಹಂಚಿ ಬಂದೆ.

ಹುಡುಗರ ಬಾಯಿಗೆ ಬಿದ್ದ ಮಾತು ನಿಲ್ಲುತ್ತದೆಯೇ. ವಾರದೊಳಗೆ ಕಾಂಪೌಂಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಮೋಟು ಮೈಲಿ ಎಂದು ಬರೆದಿದ್ದರು. ಯಜಮಾನರಿಗೂ ಸುದ್ದಿ ಮುಟ್ಟಿತು. ನನ್ನ ವಿಷಯದಲ್ಲಿ ಅವರು ದೊಡ್ಡತನ ತೋರಿಸಿದರು. "ಕಾರು ಓಡದಿದ್ರೆ ಪೋನೀ, ಹುಡುಗ ಓಡಿದ್ನಲ್ಲ" ಎಂದರಂತೆ. ಮೇಷ್ಟ್ರ ವಿಷಯದಲ್ಲಿ ತೋರಿಸಲಿಲ್ಲ. ಆ ವರ್ಷದ ಸ್ಪೋರ್ಟ್ಸಿನಲ್ಲಿ ಸ್ಟಾಪ್ ವಾಚು ಹೊಸದಾಗಿ ಬಂದ ಡ್ರಿಲ್ ಮೇಷ್ಟ್ರ ಕೈಯಲ್ಲಿತ್ತು. ಇವರು ಖಾಕಿ ಚಡ್ಡಿ ಹಾಕಿಕೊಂಡೇ ಬಂದಿದ್ದರಂತೆ, ಯಾರೂ ಮುಂಚೆ ಹೇಳಿರಲಿಲ್ಲ. ಬಹುಮಾನದ ಮೇಜಿನ ಹತ್ತಿರ ನಿಂತು ಕಪ್ಪುಗಳನ್ನು ಎತ್ತಿಕೊಟ್ಟರಂತೆ.

ಆಮೇಲೆ ಅವರು ಯಾರನ್ನೂ ಆ ಪ್ರಶ್ನೆ ಕೇಳಲಿಲ್ಲ. ಕೇಳಿದರೆ ಹಿಂದಿನ ಬೆಂಚಿನಿಂದ, "ಕಲ್ಲನ್ನ ಅಳೆದ್ರಾ ಸಾರ್" ಎಂದು ಕೂಗು ಬರುತ್ತಿತ್ತು. ಈಗ ನಾನು ಗೌರಿಬಿದನೂರಿನಲ್ಲಿ ಭೌತಶಾಸ್ತ್ರದ ಲೆಕ್ಚರರು. ಪ್ರತಿ ವರ್ಷ ಮೊದಲನೆಯ ತರಗತಿಯಲ್ಲಿ ಹುಡುಗರಿಗೆ ಹೇಳಿಕೊಡುವುದು ಅದೇ ಎರಡು ಪ್ರಶ್ನೆ. ಯಾರ ಮಾತೆಂದು ಒಂದು ದಿನವೂ ಹೇಳಿಲ್ಲ. ಹೇಳಿದರೆ ಮಿಕ್ಕಿದ್ದನ್ನೂ ಹೇಳಬೇಕಾಗುತ್ತದೆ.

ಅವರ ಮನೆಗೆ ಹೋಗಲಿಲ್ಲವೆಂದಲ್ಲ. ಪದವಿಯ ಸರ್ಟಿಫಿಕೇಟು ಬಂದ ದಿನವೇ ಸಂಜೆ ಹೋದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಮುದ್ರೆಯ ಮೇಲೆ ಬೆರಳಾಡಿಸಿ, "ಸರಿಯಾಗಿದೆ" ಎಂದರು. ಒಳಗೆ ನೋಡಿ, "ಇವ್ನಿಗೆ ಕಾಫಿ ಕೊಡೇ, ಗ್ರ್ಯಾಜುಯೇಟು" ಎಂದರು. ನಾನು ಕಾಫಿ ಕುಡಿದೆ. ಮಳೆ, ಬೆಲೆ, ಬೆಂಗಳೂರು ಎಲ್ಲ ಮಾತಾಡಿದೆ. ಹೇಳಲೆಂದು ಹೋದ ಒಂದು ಮಾತು ಹೇಳಲಿಲ್ಲ. ಮುಂದಿನ ಸಲ ಎಂದುಕೊಂಡೆ. ಮುಂದಿನ ಸಲಗಳು ಬಹಳ ಬಂದವು, ಅವರ ಮಗಳ ಮದುವೆ, ಅವರ ರಿಟೈರ್‌ಮೆಂಟು. ಪ್ರತಿ ಸಲವೂ ಕಾಫಿ ಕುಡಿದು ಎದ್ದು ಬಂದೆ. ನೀನು ಅವತ್ತು ಹಾಗಂದೆಯಲ್ಲ ಎಂದು ಅವರೂ ಒಂದು ದಿನವೂ ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ಸುಲಭವಾಗುತ್ತಿತ್ತು.

ಆ ಮಾತು ನನಗೆ ಅಷ್ಟು ಭಾರವಾದದ್ದು ಯಾಕೆಂದರೆ ಅದೇ ದಿನ ಮಧ್ಯಾಹ್ನ ಅಪ್ಪ ನನಗೊಂದು ವಿಷಯ ಹೇಳಿದ್ದ.

ಸರ್ಟಿಫಿಕೇಟು ಕೈಗೆ ಬಂದ ಕೂಡಲೇ ಅಪ್ಪನಿಗೆ ತೋರಿಸಲು ರಸ್ತೆಗೇ ಹೋದೆ. ಹಳೇ ಏಳನೇ ಕಲ್ಲಿದ್ದ ಜಾಗಕ್ಕೆ ಸ್ವಲ್ಪ ಆಚೆ, ಹುಣಸೆ ಮರದ ಕೆಳಗೆ, ಅವನು ಹೊಸ ಕಿಲೋಮೀಟರ್ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದ. ಕೈಯನ್ನು ತೊಡೆಗೆ ಒರೆಸಿದ, ಸಾಲದೆಂದು ಟವಲಿಗೆ ಒರೆಸಿದ. ಕಾಗದವನ್ನು ಎರಡೂ ಅಂಚಿನಲ್ಲಿ ಹಿಡಿದ. ಅವನಿಗೆ ಅಂಕಿ ಬರುತ್ತಿತ್ತು, ಕಲ್ಲು ಬರೆದು ಬರೆದು. ಅಕ್ಷರ ಬರುತ್ತಿರಲಿಲ್ಲ.

"ಇದ್ರಾಗೆ ಮೇಷ್ಟ್ರ ಎಸ್ರು ಎಲ್ಲೈತೆ?" ಎಂದ.

"ಅವ್ರ ಹೆಸ್ರು ಯಾಕಪ್ಪ ಇರುತ್ತೆ? ಇದು ಯೂನಿವರ್ಸಿಟಿಯವ್ರು ಕೊಡೋದು."

ಅಪ್ಪ ಕಾಗದವನ್ನು ಸುಣ್ಣದ ಡಬ್ಬಿಯಿಂದ ಆಚೆ ಸರಿಸಿ ಹಿಡಿದ. "ಊರಾಗೆ ಅವ್ರನ್ನ ಮೋಟು ಮೈಲಿ ಅಂತಾರಂತೆ. ನೀನು ಏಳಿದ ಮ್ಯಾಲೇ ಶುರುವಾಗಿದ್ದಂತೆ."

"ಅವ್ರು ಕಲ್ಲು ಅಳೀದೆ ಕಾರು ಅಳೆದ್ರು. ಅದಕ್ಕೆ ಹೇಳಿದೆ."

"ಅಳೀದೇನಾ" ಎಂದ ಅಪ್ಪ. ನನ್ನ ಕಡೆ ನೋಡಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದ. "ಮೇಷ್ಟ್ರು ಮನೇಗ್ ಬಂದಿದ್ದಾಗ ನಿನ್ನ ಬೆಲ್ಲಕ್ಕೆ ಕಳ್ಸಿದ್ನಲ್ಲ, ಗ್ಯಾಪ್ಕ ಐತಾ? ಅವ್ರು ಕೇಳಿದ್ದು ಒಂದೇ ಮಾತು. ನಿನ್ ರೋಡ್ನಾಗೆ ಯಾವ್ ಮೈಲಿ ಮೋಟು ಐತಪ್ಪಾ ಅಂತ. ದಿನಾ ಗುಡ್ಸೋ ರೋಡು, ನಂಗೆ ಗೊತ್ತಿರಾಕಿಲ್ವಾ. ತೋರ್ಸ್ದೆ. ಮಾರ್ನೆ ದಿನ ಬೆಳಿಗ್ಗೆ ಇಬ್ರೂ ಸರಪಣಿ ಇಡ್ಕಂಡು ಅಳೆದ್ವಿ. ನೂರೆರಡು ಗಜ ಕಮ್ಮಿ ಬಂತು. ಇಲ್ಲೇ, ಆ ಏಳ್ನೇ ಕಲ್ಲಿದ್ದ ತಾವ ಕೂತ್ಕಂಡ್ರು. ಸ್ಯಾನೆ ಒತ್ತು ಕೂತಿದ್ರು."

ಸ್ಟಾಫ್ ರೂಮಿನಲ್ಲಿ ಬೋರ್ಡಿನ ಕಡೆ ನೋಡಿ ಅವರು ಹೇಳಿದ ನೂರೆರಡು ನನ್ನ ಕಿವಿಯಲ್ಲಿ ಬಂದು ನಿಂತಿತು.

"ಏನಂದ್ರು?" ಎಂದೆ.

"ಬಿ.ಎಸ್ಸಿ. ನಾನು ದಾಟ್ಲಿಲ್ಲ, ಈ ಉಡ್ಗ ದಾಟ್ಲಿ ಅಂದ್ರು. ನನ್ ವಾಚ್ ಕೈಲಿ ಸುಳ್ಳೇಳ್ಸಕ್ಕೆ ಆಗಲ್ಲ, ಏಳೋದಾದ್ರೆ ಕಲ್ಲೇ ಏಳ್ಲಿ ಅಂದ್ರು. ನಿಂಗೆ ಏಳ್ಬೇಡ ಅಂತ ಆಣೆ ಇಡಿಸ್ಕಂಡ್ರು, ಓದೋ ಉಡ್ಗನ ತಲೆ ಮ್ಯಾಲೆ ಬಾರ ಒರಿಸ್ಬಾರದಂತೆ. ನೀನು ಓದಿ ಮುಗಿಸ್ದೆ. ಅದಕ್ಕೇ ಈಗ ಏಳ್ದೆ."

ನಾನು ಆ ಕಲ್ಲಿನ ಪಕ್ಕದಲ್ಲೇ ಕೂತೆ. ಅಪ್ಪ ಸರ್ಟಿಫಿಕೇಟನ್ನು ಮಡಿಸದೆ, ಸುರುಳಿ ಸುತ್ತಿ, ಸುಣ್ಣ ತಾಕದ ಹಾಗೆ ನನ್ನ ಕೈಗೆ ಕೊಟ್ಟ.

"ತಕಂಡೋಗಿ ಅವ್ರ ಕೈಗೆ ಕೊಡು" ಎಂದ. "ಅಳ್ದು ನೋಡ್ಲಿ."